ಯಾವ ವರ್ಷದ ಉತಾರ?

ನಮ್ಮ ಅಜ್ಜನ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವೆ ಒಂದು ಬದುವಿತ್ತು. ಆ ಬದುವಿನ ತಗಾದೆ ನಾನು ಹುಟ್ಟುವ ಮೊದಲೇ ಶುರುವಾಗಿ, ನಾನು ಕಾಲೇಜು ಸೇರುವವರೆಗೂ ತಾಲ್ಲೂಕು ಕೋರ್ಟಿನಲ್ಲಿ ಎಳೆದಾಡಿತು. ಪಕ್ಕದವರು ಪ್ರತಿ ವರ್ಷ ರಂಟೆ ಹೊಡೆಯುವಾಗ ಒಂದೊಂದು ಸಾಲು ಈಚೆ ಒತ್ತುತ್ತಾರೆಂಬುದು ಅಜ್ಜನ ದೂರು. ಮೊದಲು ಒತ್ತಿದವರು ನೀವು, ನಾವು ನಮ್ಮದನ್ನು ವಾಪಸು ಪಡೆಯುತ್ತಿದ್ದೇವೆ ಅಷ್ಟೇ ಎಂಬುದು ಅವರ ವಾದ. ವಕೀಲರು ಮಾತ್ರ ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: 'ಯಾವ ವರ್ಷದ ಉತಾರ ತಂದೀರಿ?' ಮೈಸೂರು ಸೀಮೆಯವರು ಪಹಣಿ ಎನ್ನುವುದನ್ನೇ ನಾವು ಧಾರವಾಡದ ಕಡೆಯವರು ಉತಾರ ಎನ್ನುತ್ತೇವೆ. ಅಜ್ಜ ತಂದ ವರ್ಷದ ಉತಾರದಲ್ಲಿ ಅಜ್ಜನದು ಸರಿ, ಅವರು ತಂದ ವರ್ಷದ್ದರಲ್ಲಿ ಅವರದು ಸರಿ. ಎರಡಕ್ಕೂ ಸರ್ಕಾರದ ಮೊಹರಿತ್ತು, ಎರಡರಲ್ಲಿ ಯಾವುದೂ ಖೊಟ್ಟಿಯಲ್ಲ.

ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸುತ್ತ ಬಂದ ಇಷ್ಟು ವರ್ಷಗಳಲ್ಲಿ, ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸರ ಜಗಳವನ್ನು ಓದುವಾಗಲೆಲ್ಲ ನನಗೆ ಆ ವಕೀಲರ ಪ್ರಶ್ನೆಯೇ ನೆನಪಾಗುತ್ತದೆ. ವಾಸ್ತವವಾದ, ಉದಾರವಾದ, ರಚನಾವಾದ ಎಂದು ಪಠ್ಯಪುಸ್ತಕವು ಈ ಪಂಥಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೆ ಎರಡೆರಡು ಪುಟ ಕೊಟ್ಟು, ಅವು ಮನುಷ್ಯಸ್ವಭಾವದ ಬಗ್ಗೆ ಬೇರೆಬೇರೆ ನಂಬಿಕೆ ಇರಿಸಿಕೊಂಡಿವೆ ಎನ್ನುತ್ತದೆ. ಅದು ತಪ್ಪೇನಲ್ಲ. ಆದರೆ ನಿಜವಾದ ಯುದ್ಧವೊಂದು ಎದುರಿಗೆ ಬಂದಾಗ ಅವರು ಬೇರೆಯಾಗುವ ಜಾಗ ಇನ್ನೊಂದು: ಕಥೆಯನ್ನು ಯಾವ ತಾರೀಖಿನಿಂದ ಶುರುಮಾಡುತ್ತಾರೆ ಎಂಬುದು. ತಾರೀಖು ಗೊತ್ತಾದರೆ ಅಪರಾಧಿ ಯಾರೆಂಬುದು ಮುಕ್ಕಾಲು ಪಾಲು ಗೊತ್ತಾದಂತೆಯೇ.

ಇದು ನನಗೆ ಸ್ಪಷ್ಟವಾದದ್ದು 2022ರ ಮಾರ್ಚ್ ಮೊದಲ ವಾರದಲ್ಲಿ. ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿತ್ತು. ಮಾರ್ಚ್ 1ರಂದು, ಹಾರ್ಕಿವ್ ನಗರದಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಹಾವೇರಿ ನಮ್ಮ ಪಕ್ಕದ ಜಿಲ್ಲೆ. ಅದು ಧಾರವಾಡದಿಂದ ಒಡೆದು ಜಿಲ್ಲೆಯಾದದ್ದೇ 1997ರಲ್ಲಿ. ಮರುದಿನ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ರಷ್ಯಾವನ್ನು ಖಂಡಿಸುವ ನಿರ್ಣಯದ ಮೇಲೆ ಮತದಾನವಾಯಿತು: ಪರ 141, ವಿರುದ್ಧ 5, ತಟಸ್ಥ 35. ಆ 35ರಲ್ಲಿ ಭಾರತವೂ ಒಂದು. ತರಗತಿಗೆ ಹೋದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ನಮ್ಮ ಹುಡುಗ ಸತ್ತ ಮರುದಿನವೇ ನಾವು ಮತ ಹಾಕದೆ ಕೂತದ್ದಕ್ಕೆ ನಿಮ್ಮ ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಿದ. ಆಗ ನನ್ನ ಬಳಿ ಉತ್ತರವಿರಲಿಲ್ಲ. ಹೊತ್ತು ಕಳೆಯಲೆಂದು, ಎಲ್ಲರೂ ಒಂದು ಚೀಟಿ ಹರಿದುಕೊಂಡು ಈ ಯುದ್ಧ ಯಾವಾಗ ಶುರುವಾಯಿತೆಂದು ಬರೆದು ಕೊಡಿ ಎಂದೆ. ಹೆಚ್ಚಿನವರು ಹಿಂದಿನ ವಾರದ ತಾರೀಖು ಬರೆದಿದ್ದರು. ಏಳೆಂಟು ಮಂದಿ, ಉಕ್ರೇನಿನ ಕ್ರೈಮಿಯಾವನ್ನು ರಷ್ಯಾ ವಶಪಡಿಸಿಕೊಂಡ 2014 ಎಂದು ಬರೆದಿದ್ದರು. ಇಬ್ಬರು 1991 ಎಂದಿದ್ದರು. ಒಬ್ಬಳು 2008 ಎಂದು ಬರೆದು, ಅದರ ಕೆಳಗೆ ಯೂಟ್ಯೂಬ್ ನೋಡಿದ್ದೇನೆ ಎಂದು ಪ್ರಾಮಾಣಿಕವಾಗಿ ಸೇರಿಸಿದ್ದಳು.

ಅವಳು ನೋಡಿದ್ದು ಯಾರ ಭಾಷಣವೆಂದು ಕೇಳುವ ಅಗತ್ಯವೇ ಇರಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ವಾಸ್ತವವಾದಿ ಜಾನ್ ಮಿಯರ್‌ಶೈಮರ್ 2015ರಲ್ಲಿ ಮಾಡಿದ ಆ ಉಪನ್ಯಾಸವನ್ನು ಕೋಟಿಗಟ್ಟಲೆ ಸಲ ಜನ ನೋಡಿದ್ದಾರೆ. ನಮ್ಮ ಶಾಸ್ತ್ರದ ಬೇರೆ ಯಾವ ಪಾಠಕ್ಕೂ ಅಂಥ ಭಾಗ್ಯ ಬಂದದ್ದನ್ನು ನಾನು ಕಂಡಿಲ್ಲ. ಅವರ ಉತಾರ 2008ರ ಏಪ್ರಿಲ್ ತಿಂಗಳದ್ದು. ಆ ತಿಂಗಳು ಬುಕಾರೆಸ್ಟ್‌ನಲ್ಲಿ ಸೇರಿದ, ಅಮೆರಿಕ ಮುಂದಾಳಾಗಿರುವ ಸೈನಿಕ ಕೂಟವಾದ ನ್ಯಾಟೊದ ಶೃಂಗಸಭೆ, ಉಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಎಂದು ಘೋಷಿಸಿತು. ಯಾವಾಗ, ಹೇಗೆ ಎಂದು ಹೇಳಲಿಲ್ಲ. ಅದೇ ಆಗಸ್ಟ್‌ನಲ್ಲಿ ಜಾರ್ಜಿಯಾದಲ್ಲಿ ಯುದ್ಧವಾಯಿತು. ದೊಡ್ಡ ಶಕ್ತಿಯೊಂದು ತನ್ನ ಮನೆಬಾಗಿಲಿಗೆ ಎದುರಾಳಿಯ ಸೈನಿಕ ಕೂಟ ಬಂದು ನಿಲ್ಲುವುದನ್ನು ಸಹಿಸುವುದಿಲ್ಲ, ಸಹಿಸಬೇಕೆಂಬುದು ನೀತಿಯ ಮಾತೇ ಹೊರತು ರಾಜಕಾರಣದ ಮಾತಲ್ಲ, ಆದ್ದರಿಂದ ಈ ಬಿಕ್ಕಟ್ಟಿನ ಮುಖ್ಯ ಹೊಣೆ ಪಶ್ಚಿಮದ್ದು ಎಂಬುದು ಅವರು 2014ರಲ್ಲೇ ಬರೆದ ಪ್ರಬಂಧದ ಸಾರ. ಅವರಿಗಿಂತ ಮೊದಲು ಇದನ್ನು ಹೇಳಿದವರು ಜಾರ್ಜ್ ಕೆನನ್. 1946ರಲ್ಲಿ ಮಾಸ್ಕೊದಿಂದ ಕಳಿಸಿದ ಉದ್ದನೆಯ ತಂತಿಯಿಂದ ಸೋವಿಯತ್ ಪ್ರಭಾವ ಹಬ್ಬದಂತೆ ತಡೆಯುವ ಶೀತಲ ಸಮರದ ನೀತಿಗೆ ಬುನಾದಿ ಹಾಕಿದ ಆ ರಾಜತಂತ್ರಜ್ಞ, 1997ರ ಫೆಬ್ರವರಿಯಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ನ್ಯಾಟೊವನ್ನು ಪೂರ್ವಕ್ಕೆ ಹಿಗ್ಗಿಸುವುದು ಶೀತಲ ಸಮರದ ನಂತರದ ಅಮೆರಿಕದ ಅತಿ ದೊಡ್ಡ ಪ್ರಮಾದವಾದೀತು ಎಂದು ಪತ್ರಿಕೆಯಲ್ಲಿ ಬರೆದರು. ಎರಡೇ ವರ್ಷದಲ್ಲಿ ಪೋಲೆಂಡ್, ಹಂಗೇರಿ, ಜೆಕ್ ಗಣರಾಜ್ಯಗಳು ಒಳಗೆ ಬಂದವು. 2004ರಲ್ಲಿ ಇನ್ನೂ ಏಳು ದೇಶಗಳು.

ಇಲ್ಲಿ ಪದಗಳ ಬಗ್ಗೆ ಒಂದು ಮಾತು. ಕನ್ನಡ ಸಾಹಿತ್ಯ ಓದಿಕೊಂಡ ವಿದ್ಯಾರ್ಥಿಗಳಿಗೆ ವಾಸ್ತವವಾದ ಎಂದರೆ ಬದುಕನ್ನು ಇದ್ದಂತೆ ಚಿತ್ರಿಸುವ ಕಾದಂಬರಿಯ ಮಾರ್ಗ. ನಮ್ಮ ಶಾಸ್ತ್ರದಲ್ಲಿ ಅದರ ಅರ್ಥ, ರಾಜ್ಯಗಳ ಮೇಲೆ ಇನ್ನೊಬ್ಬ ರಾಜನಿಲ್ಲದ ಜಗತ್ತಿನಲ್ಲಿ ಪ್ರತಿಯೊಂದು ರಾಜ್ಯವೂ ತನ್ನ ಉಳಿವನ್ನು ತಾನೇ ನೋಡಿಕೊಳ್ಳಬೇಕೆಂಬ ನೋಟ. ಅರಾಜಕತೆ ಎಂಬ ಮಾತನ್ನು ಪತ್ರಿಕೆಗಳು ದೊಂಬಿ, ಲೂಟಿ ಎಂಬರ್ಥದಲ್ಲಿ ಬಳಸಿ ಸವೆಸಿಬಿಟ್ಟಿವೆ. ಅಕ್ಷರಶಃ ರಾಜನಿಲ್ಲದಿರುವಿಕೆ ಎಂಬ ಅದರ ಮೂಲಾರ್ಥವೇ ಇಲ್ಲಿ ಬೇಕಾದದ್ದು. ವಾಸ್ತವವಾದಿಗಳೆಂದರೆ ಯುದ್ಧಪ್ರಿಯರೆಂಬ ಭಾವನೆಯೂ ತಪ್ಪು. ಈ ಪಂಥದ ಹಿರಿಯ ಹ್ಯಾನ್ಸ್ ಮಾರ್ಗೆಂಥೊ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದವರು. 2002ರ ಸೆಪ್ಟೆಂಬರ್‌ನಲ್ಲಿ, ಇರಾಕ್ ಯುದ್ಧ ಅಮೆರಿಕದ ಹಿತಕ್ಕೆ ಒಳ್ಳೆಯದಲ್ಲ ಎಂದು ದಿನಪತ್ರಿಕೆಯಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸಿದ 33 ವಿದ್ವಾಂಸರಲ್ಲಿ ಮಿಯರ್‌ಶೈಮರ್ ಕೂಡ ಒಬ್ಬರು.

ಇಷ್ಟು ಗೌರವ ಸಲ್ಲಿಸಿದ ಮೇಲೆ ಹೇಳುತ್ತೇನೆ: 2008ರ ಉತಾರ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. 2023ರ ಏಪ್ರಿಲ್ 4ರಂದು ಫಿನ್ಲೆಂಡ್ ನ್ಯಾಟೊ ಸೇರಿತು. ರಷ್ಯಾದೊಂದಿಗೆ ಅದಕ್ಕೆ 1,300 ಕಿಲೋಮೀಟರಿಗೂ ಹೆಚ್ಚು ಗಡಿಯಿದೆ. ಒಂದೇ ದಿನದಲ್ಲಿ ರಷ್ಯಾ-ನ್ಯಾಟೊ ಭೂಗಡಿ ಎರಡರಷ್ಟಾಯಿತು. ಸೇಂಟ್ ಪೀಟರ್ಸ್‌ಬರ್ಗ್ ಆ ಗಡಿಯಿಂದ ಕಾರಿನಲ್ಲಿ ಮೂರು ತಾಸಿನ ದಾರಿಯೊಳಗೇ ಇದೆ. ಮಾಸ್ಕೊ ಗೊಣಗಿತು, ಅಲ್ಲಿಗೆ ಬಿಟ್ಟಿತು. ಮನೆಬಾಗಿಲ ಭಯವೇ ಎಲ್ಲವೂ ಆಗಿದ್ದರೆ ಈ ಬಾಗಿಲಿನ ಬಗ್ಗೆ ಏಕೆ ಅಷ್ಟು ಉರಿ ಏಳಲಿಲ್ಲ? ರಷ್ಯಾದ ಕೈ ಆಗ ಬೇರೆಡೆ ಸಿಕ್ಕಿಕೊಂಡಿತ್ತು ಎನ್ನಬಹುದು, ಉಕ್ರೇನಿನ ಬಯಲು ಬೇರೆ, ಫಿನ್ಲೆಂಡಿನ ಕಾಡು ಬೇರೆ ಎನ್ನಬಹುದು. ಒಪ್ಪೋಣ. ಆದರೆ ಅದೇ 2015ರ ಉಪನ್ಯಾಸದಲ್ಲಿ ಮಿಯರ್‌ಶೈಮರ್, ಪುಟಿನ್ ಜಾಣ, ಉಕ್ರೇನನ್ನು ಗೆದ್ದು ನುಂಗಲು ಹೋಗಲಾರ ಎಂದೂ ಹೇಳಿದ್ದರು. ಉಕ್ರೇನ್ ಹಾಳಾಗುತ್ತದೆ ಎಂಬ ಅವರ ಮಾತನ್ನು ಜನ ನೆನಪಿಟ್ಟುಕೊಂಡರು, ಈ ಮಾತನ್ನು ಮರೆತರು. ಇನ್ನೂ ವಿಚಿತ್ರವೆಂದರೆ, 1993ರಲ್ಲಿ ಉಕ್ರೇನ್ ತನ್ನ ನೆಲದಲ್ಲಿರುವ ಅಣ್ವಸ್ತ್ರಗಳನ್ನು ಬಿಟ್ಟುಕೊಡಬಾರದು, ರಷ್ಯಾವನ್ನು ತಡೆಯಲು ಅದಕ್ಕೆ ಅವು ಬೇಕಾಗುತ್ತವೆ ಎಂದು ವಾದಿಸಿದವರೂ ಇವರೇ. ಇಂದು ಕೀವ್‌ನಲ್ಲಿ ಅವರ ಹೆಸರೆತ್ತಿದರೆ ಸಿಟ್ಟಾಗುವವರು ಆ ಪ್ರಬಂಧವನ್ನು ಒಮ್ಮೆ ಓದಬೇಕು ಅನಿಸುತ್ತದೆ.

ಏಕೆಂದರೆ ಉಕ್ರೇನಿನವರ ಉತಾರ 1994ರದ್ದು. ಆ ವರ್ಷ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ಸಹಿಯಾದ ಒಡಂಬಡಿಕೆಯಂತೆ ಉಕ್ರೇನ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಪ್ರತಿಯಾಗಿ ರಷ್ಯಾ, ಅಮೆರಿಕ, ಬ್ರಿಟನ್ ಅದರ ಗಡಿಗಳನ್ನು ಗೌರವಿಸುತ್ತೇವೆಂದು ಬರೆದುಕೊಟ್ಟವು. ಬರೆದುಕೊಟ್ಟದ್ದು ಭರವಸೆ, ಜಾಮೀನಲ್ಲ. ಆ ಒಂದು ಪದದ ಆಯ್ಕೆಯ ಹಿಂದೆ ವಕೀಲರ ಎಷ್ಟು ರಾತ್ರಿಗಳು ಕಳೆದವೋ. ಉದಾರವಾದಿಗಳು ಕಥೆ ಶುರುಮಾಡುವುದು ಇಲ್ಲಿಂದ, ಇಲ್ಲವೇ ಇದಕ್ಕೂ ಹಿಂದಿನ 1991ರ ಡಿಸೆಂಬರ್ 1ರಿಂದ. ಅಂದು ನಡೆದ ಜನಮತಗಣನೆಯಲ್ಲಿ ಉಕ್ರೇನಿನ ಶೇಕಡ 90ಕ್ಕೂ ಹೆಚ್ಚು ಮತದಾರರು ಸ್ವಾತಂತ್ರ್ಯ ಬೇಕೆಂದರು. ಕ್ರೈಮಿಯಾದಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೇ ಹೇಳಿದರು. ಈ ತಾರೀಖಿನಿಂದ ಶುರುಮಾಡಿದರೆ ದೊಡ್ಡವರ ಭಯದ ಜೊತೆಗೆ ಚಿಕ್ಕವರ ಇಚ್ಛೆಯೂ ಚಿತ್ರದೊಳಗೆ ಬರುತ್ತದೆ. ನ್ಯಾಟೊ ಪೂರ್ವಕ್ಕೆ ಹಿಗ್ಗಿತು ಎನ್ನುವವರು, ಪೂರ್ವದ ದೇಶಗಳು ಓಡಿಬಂದು ಅದರ ಬಾಗಿಲು ತಟ್ಟಿದವು ಎಂಬುದನ್ನು ವಾಕ್ಯದ ಕರ್ತೃಪದ ಬದಲಿಸಿ ಮರೆಸುತ್ತಾರೆ.

ಆದರೆ ಉದಾರವಾದಿಗಳ ಮನೆಯ ಗೋಡೆಯೂ ಬಿರುಕು ಬಿಟ್ಟಿದೆ. ವ್ಯಾಪಾರ ಬೆಳೆದರೆ ಯುದ್ಧ ನಷ್ಟದ ಬಾಬತ್ತಾಗುತ್ತದೆ ಎಂದು ನಾರ್ಮನ್ ಏಂಜೆಲ್ ಮೊದಲ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮೊದಲೇ ವಾದಿಸಿದ್ದರು, ಮುಂದೆ ಶಾಂತಿ ನೊಬೆಲ್ ಕೂಡ ಪಡೆದರು. ಯುದ್ಧವಾಗುವುದೇ ಇಲ್ಲವೆಂದು ಅವರು ಹೇಳಿರಲಿಲ್ಲ, ಗೆದ್ದವನಿಗೂ ಲಾಭವಿಲ್ಲ ಎಂದಿದ್ದರು. ಆ ವ್ಯತ್ಯಾಸವನ್ನು ಅವರ ಅನುಯಾಯಿಗಳೇ ಮರೆತರು. ಜರ್ಮನಿ ಆ ನಂಬಿಕೆಯ ಮೇಲೆ ಬಾಲ್ಟಿಕ್ ಸಮುದ್ರದ ತಳದಲ್ಲಿ ಕೊಳವೆ ಹಾಸಿ, 2021ರ ಹೊತ್ತಿಗೆ ತನ್ನ ಆಮದು ಅನಿಲದ ಅರ್ಧಕ್ಕಿಂತ ಹೆಚ್ಚನ್ನು ರಷ್ಯಾದಿಂದಲೇ ತರಿಸಿಕೊಳ್ಳುತ್ತಿತ್ತು. ಪರಸ್ಪರ ಅವಲಂಬನೆ ರಷ್ಯಾದ ಕೈ ಕಟ್ಟುತ್ತದೆ ಎಂಬ ಲೆಕ್ಕ ತಲೆಕೆಳಗಾಗಿ, ಕಟ್ಟಿಹಾಕಿದ್ದು ಬರ್ಲಿನ್ನಿನ ಕೈಯನ್ನು. ಅವಲಂಬನೆಯ ಪಾಠ ಕಲಿಯಲು ನಾನು ಬರ್ಲಿನ್ನಿಗೆ ಹೋಗಬೇಕಾಗಿರಲಿಲ್ಲ. ಒಂದು ಕಾಲಕ್ಕೆ ಗದಗ, ರಾಯಚೂರು ಕಡೆಯ ಎರಿಭೂಮಿಯಲ್ಲಿ ಹಾಸಿದಂತೆ ಸೂರ್ಯಕಾಂತಿ ಬೆಳೆಯುತ್ತಿತ್ತು. ಬೆಲೆ ಕೈಕೊಟ್ಟು ರೈತರು ಬೇರೆ ಬೆಳೆಗೆ ಸರಿದರು, ನಾವು ಅಡುಗೆಗೆ ಉಕ್ರೇನಿನ ಎರಿಮಣ್ಣಿನಲ್ಲಿ ಬೆಳೆದ ಸೂರ್ಯಕಾಂತಿಯ ಎಣ್ಣೆ ಬಳಸಲು ಶುರುಮಾಡಿದೆವು. ಆ ಮಾರ್ಚ್‌ನಲ್ಲಿ ನಮ್ಮ ಓಣಿಯ ಅಂಗಡಿಯವನು ಒಬ್ಬರಿಗೆ ಎರಡೇ ಪಾಕೀಟು ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದ್ದ.

ರಚನಾವಾದಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಿಟನ್ನಿನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ ಐದು ಅಮೆರಿಕಕ್ಕೆ ಹೆಚ್ಚು ಭಯ ಹುಟ್ಟಿಸುತ್ತವೆ, ಆದ್ದರಿಂದ ಲೆಕ್ಕಕ್ಕೆ ಬರುವುದು ಆಯುಧವಲ್ಲ, ಅದನ್ನು ಹಿಡಿದವನು ನಮಗೆ ಯಾರು ಎಂಬ ಭಾವನೆ ಎಂದ ಅಲೆಕ್ಸಾಂಡರ್ ವೆಂಟ್ ಅವರ ಮಾತು ಚೊಕ್ಕವಾದದ್ದು. ಇವರ ಉತಾರ 2021ರ ಜುಲೈ ತಿಂಗಳದ್ದು: ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ಪುಟಿನ್ ತಮ್ಮ ಹೆಸರಿನಲ್ಲಿ ದೀರ್ಘ ಲೇಖನ ಪ್ರಕಟಿಸಿದ ತಿಂಗಳು. ಫಿನ್ಲೆಂಡಿನ ಒಗಟಿಗೆ ಇದು ಒಳ್ಳೆಯ ಉತ್ತರ ಕೊಡುತ್ತದೆ. ಫಿನ್ನರು ತಮ್ಮವರೆಂದು ಆ ಲೇಖನ ಹೇಳಿರಲಿಲ್ಲ. ತೊಂದರೆಯೆಂದರೆ ಈ ಪಂಥ ಬೆಂಕಿ ಬಿದ್ದ ಮೇಲೆ ಬಣವೆಗೆ ಕಾರಣ ಹುಡುಕುವುದರಲ್ಲಿ ನಿಪುಣ, ಬೀಳುವ ಮೊದಲು ಅದರ ಬಾಯಿಂದ ತಾರೀಖು ಬರುವುದಿಲ್ಲ.

ತಾರೀಖಿನ ಈ ಜಗಳ ಎಷ್ಟು ಹಳೆಯದೆಂದರೆ, ನಮ್ಮ ಶಾಸ್ತ್ರದ ಮೂಲಪುರುಷನೆಂದು ಕರೆಯುವ ಪ್ರಾಚೀನ ಗ್ರೀಕ್ ಇತಿಹಾಸಕಾರ ಥುಸಿಡೈಡೀಸ್ ತನ್ನ ಇತಿಹಾಸ ಶುರುಮಾಡಿದ್ದೇ ಅದರಿಂದ. ಕ್ರಿ.ಪೂ. 431ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾ ಯುದ್ಧಕ್ಕಿಳಿದಾಗ ಎರಡೂ ಕಡೆಯವರು ಹೇಳಿದ ದೂರುಗಳು ಕಾರ್ಸಿರಾ, ಪೊಟಿಡಿಯಾ ಎಂಬ ಊರುಗಳ ತಂಟೆಗೆ ಸಂಬಂಧಿಸಿದ್ದವು. ಅವನು ಅವನ್ನೆಲ್ಲ ವಿವರವಾಗಿ ಬರೆದು, ಆದರೆ ಬಾಯಿಬಿಟ್ಟು ಯಾರೂ ಹೇಳದ ನಿಜವಾದ ಕಾರಣ ಅಥೆನ್ಸಿನ ಬಲ ಬೆಳೆದದ್ದು, ಅದು ಸ್ಪಾರ್ಟಾದಲ್ಲಿ ಹುಟ್ಟಿಸಿದ ಭಯ ಎಂದ. ಹಾರ್ವರ್ಡಿನ ಗ್ರಹಾಂ ಆಲಿಸನ್ ಈ ವಾಕ್ಯವನ್ನೇ ಹಿಡಿದು, ಕಳೆದ ಐನೂರು ವರ್ಷಗಳಲ್ಲಿ ಏರುವ ಶಕ್ತಿ ಆಳುವ ಶಕ್ತಿಗೆ ಎದುರಾದ 16 ಸಂದರ್ಭಗಳಲ್ಲಿ 12 ಯುದ್ಧದಲ್ಲಿ ಕೊನೆಗೊಂಡವೆಂದು ಲೆಕ್ಕ ಹಾಕಿದರು. ಚೀನಾ-ಅಮೆರಿಕ ಕುರಿತ ಇಂದಿನ ಅರ್ಧದಷ್ಟು ಚರ್ಚೆ ಆ ಲೆಕ್ಕದ ಸುತ್ತ ಗಿರಕಿ ಹೊಡೆಯುತ್ತದೆ. ಆ ಹದಿನಾರನ್ನು ಆರಿಸಿದವರೂ, ಒಂದೊಂದರ ಆದಿ-ಅಂತ್ಯ ಗೊತ್ತುಮಾಡಿದವರೂ ಒಬ್ಬರೇ ಎಂಬುದನ್ನು ಮಾತ್ರ ಮರೆಯಬಾರದು. ಥುಸಿಡೈಡೀಸನನ್ನು ಎಲ್ಲಿ ನಿಲ್ಲಿಸುತ್ತಾರೆಂಬುದೂ ಅಷ್ಟೇ ಮುಖ್ಯ. ಬಲವಿದ್ದವರು ಮಾಡುವಷ್ಟನ್ನು ಮಾಡುತ್ತಾರೆ, ಬಲವಿಲ್ಲದವರು ಅನುಭವಿಸುತ್ತಾರೆ ಎಂಬ ಮೆಲೋಸ್ ದ್ವೀಪದ ಸಂವಾದವನ್ನು ಎಲ್ಲರೂ ಉದ್ಧರಿಸುತ್ತಾರೆ. ಮೆಲೋಸನ್ನು ನೆಲಸಮ ಮಾಡಿದ ಪ್ರಸಂಗ ಮುಗಿದೊಡನೆ ಅವನ ಪುಸ್ತಕದಲ್ಲಿ ಬರುವುದು, ಅದೇ ಅಥೆನ್ಸ್ ಸಿಸಿಲಿಗೆ ದಂಡೆತ್ತಿ ಹೋಗಿ ನೌಕಾಪಡೆಯನ್ನೂ ಸೇನೆಯನ್ನೂ ಕಳೆದುಕೊಂಡ ಕಥೆ.

ಅಂತರರಾಷ್ಟ್ರೀಯ ಸಂಬಂಧಗಳ ಮೊದಲ ಅಧ್ಯಯನ ಪೀಠ ಸ್ಥಾಪನೆಯಾದದ್ದು 1919ರಲ್ಲಿ, ವೇಲ್ಸಿನ ಅಬೆರಿಸ್ಟ್‌ವಿತ್ ಎಂಬ ಸಮುದ್ರತೀರದ ಊರಿನಲ್ಲಿ, ಮಹಾಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ನೆನಪಿಗಾಗಿ. ಅದೇ ವರ್ಷದ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಭಾಷಣ ಮಾಡುತ್ತ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್, ಕೌಟಿಲ್ಯನ ಅರ್ಥಶಾಸ್ತ್ರದ ಮುಂದೆ ಕುಟಿಲ ರಾಜನೀತಿಗೆ ಹೆಸರಾದ ಇಟಲಿಯ ಮಾಕಿಯಾವೆಲ್ಲಿ ನಿರುಪದ್ರವಿ ಎಂಬರ್ಥದ ಮಾತಾಡಿದರು. ಆ ಗ್ರಂಥ ಜಗತ್ತಿಗೆ ಸಿಕ್ಕಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟಿದ್ದ ಓಲೆಗರಿಯ ಕಟ್ಟಿನಲ್ಲಿ ಅದನ್ನು ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿ, ಗ್ರಂಥಲಿಪಿಯಿಂದ ಓದಿ 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ನಾನು ಆ ಕಟ್ಟಡಕ್ಕೆ ಒಮ್ಮೆ ಹೋಗಿದ್ದೆ. ಓಲೆಗರಿಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದು ನೆನಪಿದೆ.

ಸುತ್ತಲ ರಾಜ್ಯಗಳನ್ನು ಬಳಸುಗಳಾಗಿ ಕಾಣುವ ಕೌಟಿಲ್ಯನ ಮಂಡಲದಲ್ಲಿ ಗಡಿಗೆ ಹತ್ತಿದ ರಾಜ ಅರಿ, ಅವನ ಆಚೆಯವನು ಮಿತ್ರ. ಇದನ್ನು ಪೂರ್ವ ಯುರೋಪಿನ ನಕಾಶೆಯ ಮೇಲೆ ಇಟ್ಟರೆ ಕೂಡಲೇ ತೊಡಕಾಗುತ್ತದೆ: ಉಕ್ರೇನ್ ಆಚೆಗಿನ ಪೋಲೆಂಡ್ ರಷ್ಯಾದ ಮಿತ್ರನಾಗಬೇಕಿತ್ತು, ಆಗಿರುವುದು ಉಕ್ರೇನಿನ ಆಪ್ತ. ಮಂಡಲವನ್ನು ಕುಂಡಲಿಯ ಹಾಗೆ ಓದುವವರಿಗೆ ಇದು ಸಾಕಷ್ಟು ಪಾಠ. ನನ್ನನ್ನು ಹಿಡಿದದ್ದು ಅದರ ಹೊರಬಳಸಿನಲ್ಲಿರುವ ಇನ್ನೊಂದು ಪಾತ್ರ, ಉದಾಸೀನ. ಕನ್ನಡದಲ್ಲಿ ಉದಾಸೀನ ಮಾಡಿದ ಎಂದರೆ ಅಲಕ್ಷಿಸಿದ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದರ್ಥ. ಕೌಟಿಲ್ಯನಲ್ಲಿ ಉದಾಸೀನನೆಂದರೆ ಜಗಳದ ಹೊರಗಿದ್ದು, ಯಾರಿಗೂ ನೆರವಾಗಬಲ್ಲ, ಒಬ್ಬೊಬ್ಬರನ್ನಾಗಿ ಯಾರನ್ನೂ ಹತ್ತಿಕ್ಕಬಲ್ಲ, ಎಲ್ಲರಿಗಿಂತ ಬಲಶಾಲಿಯಾದ ರಾಜ. ಮಾರ್ಚ್ 2ರ ರಾತ್ರಿ ಭಾರತ ತಟಸ್ಥವಾಗಿದ್ದನ್ನು ಹಿಂದಿನ ಬೆಂಚಿನ ಹುಡುಗ ಮೊದಲ ಅರ್ಥದಲ್ಲಿ ತೆಗೆದುಕೊಂಡಿದ್ದ, ದೆಹಲಿ ತನ್ನನ್ನು ಎರಡನೆಯ ಅರ್ಥದಲ್ಲಿ ಕಾಣಲು ಬಯಸಿತ್ತು. ನಿಜಸ್ಥಿತಿ ಎರಡೂ ಅಲ್ಲ. ಆ ಹೊತ್ತಿಗೆ ನಮ್ಮ ಸಾವಿರಾರು ವಿದ್ಯಾರ್ಥಿಗಳು ಉಕ್ರೇನಿನ ನೆಲಮಾಳಿಗೆಗಳಲ್ಲೂ ಗಡಿಗಳಲ್ಲೂ ಇದ್ದರು, ಅವರನ್ನು ಹೊರತರಲು ಎರಡೂ ಸೇನೆಗಳ ಮರ್ಜಿ ಬೇಕಿತ್ತು. ನಮ್ಮ ಸೇನೆಯ ಶಸ್ತ್ರಾಸ್ತ್ರಗಳಲ್ಲಿ ದೊಡ್ಡ ಪಾಲು ರಷ್ಯಾದ್ದು. ಉತ್ತರದ ಗಡಿಯಲ್ಲಿ ಗಾಲ್ವಾನ್ ನಂತರ ಚೀನಾದ ಎದುರು ಸೇನೆ ನಿಂತಿತ್ತು. ಅದು ಶಕ್ತನ ಔದಾಸೀನ್ಯವಲ್ಲ, ಕೈ ಸಿಕ್ಕಿಕೊಂಡವನ ಮೌನ. ಮುಂದೆ ನಡೆದದ್ದು ಬೇರೆ: 2022ಕ್ಕೆ ಮೊದಲು ನಮ್ಮ ಕಚ್ಚಾತೈಲದ ಆಮದಿನಲ್ಲಿ ಶೇಕಡ 2ರ ಆಸುಪಾಸಿನಲ್ಲಿದ್ದ ರಷ್ಯಾದ ಪಾಲು ಮರುವರ್ಷವೇ ಮೂರನೆಯ ಒಂದರಷ್ಟಾಯಿತು. ಅದನ್ನು ಮೌನವೆನ್ನಲಾಗದು, ವ್ಯಾಪಾರ ಎನ್ನಬೇಕು.

ಯುದ್ಧ ಮತ್ತು ಸಂಧಿ ಎರಡರಿಂದಲೂ ಸಮನಾದ ಫಲ ಬರುವುದಾದರೆ ಸಂಧಿಯನ್ನೇ ಆರಿಸು ಎನ್ನುತ್ತಾನೆ ಕೌಟಿಲ್ಯ. ಏಕೆಂದರೆ ಯುದ್ಧದಲ್ಲಿ ಕ್ಷಯ, ವ್ಯಯ, ಪ್ರವಾಸ, ಪ್ರತ್ಯವಾಯಗಳುಂಟು. ಜನನಷ್ಟ, ಹಣದ ಖರ್ಚು, ಮನೆಬಿಟ್ಟು ದೂರವಿರುವುದು, ಎದುರಾಗುವ ಅಡ್ಡಿಗಳು. ಇಲ್ಲಿ ಧರ್ಮದ ಮಾತಿಲ್ಲ, ಶಾನುಭೋಗನ ಖರ್ಚಿನ ಪಟ್ಟಿಯಂತಿದೆ. ಮೂರೇ ದಿನದಲ್ಲಿ ಕೀವ್ ಕೈಗೆ ಬರುತ್ತದೆಂದು ಹೊರಟವರ ಮುಂದೆ ಈ ಪಟ್ಟಿಯನ್ನು ಯಾರೂ ಇಟ್ಟಿರಲಿಲ್ಲವೇ ಎಂದು ನನಗೆ ಅನಿಸುವುದುಂಟು.

ಜಗತ್ತಿನ ವ್ಯವಸ್ಥೆ ಬದಲಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ, ಯಾವುದರಿಂದ ಯಾವುದಕ್ಕೆ ಎಂಬುದರಲ್ಲಿ ಒಮ್ಮತವಿಲ್ಲ. 1945ರ ನಂತರ ಅಮೆರಿಕ ಕಟ್ಟಿದ ನಿಯಮಗಳ ಮನೆ ಅಲುಗಾಡಿದರೂ ಬೀಳದು ಎಂಬುದು ಜಾನ್ ಐಕೆನ್‌ಬೆರಿಯವರ ಹಳೆಯ ನಂಬಿಕೆ. ಆ ಮನೆಯೊಳಗೆ ಜಗತ್ತಿನ ಹೆಚ್ಚಿನವರು ಯಾವತ್ತೂ ಇರಲೇ ಇಲ್ಲ, ಈಗ ಬರುತ್ತಿರುವುದು ಹಲವು ಪರದೆಗಳ ಚಿತ್ರಮಂದಿರದಂಥ ಜಗತ್ತು ಎನ್ನುತ್ತಾರೆ ಒಡಿಶಾ ಮೂಲದ ಅಮಿತಾವ್ ಆಚಾರ್ಯ. ಒಂದೊಂದು ಪರದೆಯಲ್ಲಿ ಒಂದೊಂದು ಕಥೆ, ಪ್ರೇಕ್ಷಕ ತನಗೆ ಬೇಕಾದಲ್ಲಿಗೆ ಹೋಗುತ್ತಾನೆ. ಇವರ ಉತಾರ ಏಷ್ಯಾ-ಆಫ್ರಿಕಾದ ದೇಶಗಳು ಸೇರಿದ 1955ರ ಬಾಂಡುಂಗ್ ಸಮ್ಮೇಳನದ್ದು. ನನ್ನ ಒಲವು ಆಚಾರ್ಯರ ಕಡೆಗೆ, ಆದರೂ ಆ ಚಿತ್ರಮಂದಿರದ ಟಿಕೆಟು ದರ ಎಲ್ಲರಿಗೂ ಒಂದೇ ಇರುವುದಿಲ್ಲ ಎಂಬ ಅನುಮಾನವೂ ಇದೆ.

2025ರ ಫೆಬ್ರವರಿ 24ರಂದು, ದಾಳಿಯಾಗಿ ಮೂರು ವರ್ಷ ತುಂಬಿದ ದಿನ, ಸಾಮಾನ್ಯ ಸಭೆಯಲ್ಲಿ ಮತ್ತೆ ಮತದಾನವಾಯಿತು. ಉಕ್ರೇನ್ ಮತ್ತು ಯುರೋಪಿನ ದೇಶಗಳು ಮಂಡಿಸಿದ ನಿರ್ಣಯಕ್ಕೆ 93 ಮತಗಳು ಬಂದವು, 65 ದೇಶಗಳು ತಟಸ್ಥವಾಗಿದ್ದವು, 18 ವಿರುದ್ಧವಾಗಿ ಮತ ಹಾಕಿದವು. ಆ ಹದಿನೆಂಟರಲ್ಲಿ ರಷ್ಯಾದ ಜೊತೆಗೆ ಅಮೆರಿಕವೂ ಇತ್ತು. ಭಾರತ ಮೂರು ವರ್ಷದ ಹಿಂದೆ ಎಲ್ಲಿ ಕೂತಿತ್ತೋ ಅಲ್ಲೇ ಕೂತಿತ್ತು. ಯುದ್ಧದ ಕಾರಣವನ್ನು ಮನುಷ್ಯನಲ್ಲಿ ಹುಡುಕಬಹುದು, ರಾಜ್ಯದ ಒಳರಚನೆಯಲ್ಲಿ ಹುಡುಕಬಹುದು, ರಾಜ್ಯಗಳ ನಡುವಿನ ವ್ಯವಸ್ಥೆಯಲ್ಲಿ ಹುಡುಕಬಹುದು ಎಂದು ಕೆನೆತ್ ವಾಲ್ಟ್ಜ್ 1959ರಲ್ಲೇ ವಿಂಗಡಿಸಿ, ಕೊನೆಯದಕ್ಕೆ ಹೆಚ್ಚು ತೂಕ ಕೊಟ್ಟಿದ್ದರು. ಈ ಮೂರು ವರ್ಷಗಳಲ್ಲಿ ಶಕ್ತಿಗಳ ತಕ್ಕಡಿ ಅಂಥದ್ದೇನೂ ವಾಲಿರಲಿಲ್ಲ. ಶ್ವೇತಭವನದಲ್ಲಿ ಒಬ್ಬ ಮನುಷ್ಯ ಹೋಗಿ ಇನ್ನೊಬ್ಬ ಬಂದಿದ್ದ. ವಾಲ್ಟ್ಜ್ ಶಿಷ್ಯರು ಇದಕ್ಕೆ ಉತ್ತರ ಹೇಳಬೇಕಿದೆ. ಪೂರ್ವ ಏಷ್ಯಾದ ಕಡೆ ತಿರುಗಲು ಅಮೆರಿಕ ಯುರೋಪಿನಿಂದ ಕೈಬಿಡಿಸಿಕೊಳ್ಳುವುದು ಅನಿವಾರ್ಯವಾಗಿತ್ತು ಎಂದು ಕೆಲವರು ಹೇಳುತ್ತಿದ್ದಾರೆ. ಅನಿವಾರ್ಯವಾಗಿತ್ತು ಎಂಬ ಪದ ಘಟನೆ ನಡೆದ ಮೇಲೆಯೇ ಬರುವುದು ನನ್ನನ್ನು ಕಾಡುತ್ತದೆ. ಶೀತಲ ಸಮರ ಮುಗಿದಾಗಲೂ ಹೀಗೇ ಆಗಿತ್ತು. ಸೋವಿಯತ್ ಒಕ್ಕೂಟ ಹಾಗೆ ಸದ್ದಿಲ್ಲದೆ ಕರಗೀತೆಂದು ನಮ್ಮ ಶಾಸ್ತ್ರದ ಯಾವ ಪ್ರಮುಖ ಸಿದ್ಧಾಂತವೂ ಮೊದಲೇ ಹೇಳಿರಲಿಲ್ಲ ಎಂದು ಇತಿಹಾಸಕಾರ ಜಾನ್ ಲೂಯಿಸ್ ಗ್ಯಾಡಿಸ್ ಆಗಲೇ ಚುಚ್ಚಿದ್ದರು.

ಈ ವರ್ಷದ ತರಗತಿಯಲ್ಲೂ ಚೀಟಿ ಬರೆಸಿದೆ. ಈಗಿನ ಮಕ್ಕಳು 2022ರಲ್ಲಿ ಹೈಸ್ಕೂಲಿನಲ್ಲಿದ್ದವರು, ಅವರಿಗೆ ಈ ಯುದ್ಧ ಮೊದಲಿನಿಂದ ಇದ್ದದ್ದೇ. ಚೀಟಿಗಳನ್ನು ಒಟ್ಟುಮಾಡುವಾಗ ಒಬ್ಬಳು, ಶುರುವಾದ ದಿನವನ್ನೇ ಯಾಕೆ ಕೇಳುತ್ತೀರಿ, ಮುಗಿದ ದಿನವನ್ನು ಯಾರು ಬರೆಯುತ್ತಾರೆ ಎಂದಳು. ಕೊರಿಯಾ ಯುದ್ಧದ ಉದಾಹರಣೆ ಕೊಟ್ಟೆ: 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿಯಾಯಿತು, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ, ಪಠ್ಯಪುಸ್ತಕದಲ್ಲಿ ಮಾತ್ರ 1950-53 ಎಂದು ಇದೆ. ರಷ್ಯಾ ಮತ್ತು ಜಪಾನ್ ನಡುವೆ ಎರಡನೆಯ ಮಹಾಯುದ್ಧದ ಶಾಂತಿ ಒಪ್ಪಂದವೇ ಇನ್ನೂ ಆಗಿಲ್ಲ ಎಂದೂ ಹೇಳಿದೆ. ಅವಳು ಅದನ್ನು ಬರೆದುಕೊಂಡು, ಹಾಗಾದರೆ ಪರೀಕ್ಷೆಯಲ್ಲಿ 1953 ಅಂತಲೇ ಬರೆಯಬೇಕೋ ಬೇಡವೋ ಎಂದು ಕೇಳಿದಳು. ಬರಿ ಎಂದೆ.